ಬ್ರೇಕಮ್ಮನ ಬಾಣಲೆ

ಆ ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧಕ್ಕರ್ಧ ಜನ ಬ್ರೇಕಮ್ಮನ ಹತ್ತಿರ ಬೈಸಿಕೊಂಡು ಕಲಿತವರು. ಅವಳ ಡ್ರೈವಿಂಗ್ ಶಾಲೆ ಎಂದರೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಕೋಣೆ, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಬಣ್ಣ ಮಾಸಿದ ಪಟ, ಬಾಗಿಲ ಮುಂದೆ ಒಂದು ಬಿಳಿ ಕಾರು. ಆ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂರುವ ಅವಳ ಕಾಲಡಿ. ಕಲಿಯುವವರ ಬ್ರೇಕಿನ ರಬ್ಬರು ಹೊಸದರಂತೆ ಹೊಳೆಯುತ್ತಿತ್ತು. ಅವಳದು ಸವೆದು ಕಬ್ಬಿಣ ಕಾಣುತ್ತಿತ್ತು. ಹೆಸರು ಬಂದದ್ದು ಹಾಗೆ.

ಐವತ್ತು ದಾಟಿದ ಹೆಂಗಸು. ದನಿ ಗಟ್ಟಿ, ಮನಸ್ಸು ಮೆದು. ಆದರೆ ಜನರಿಗೆ ದನಿಯೇ ಮೊದಲು ತಾಗುತ್ತಿದ್ದುದರಿಂದ ಮನಸ್ಸಿನವರೆಗೆ ಹೋದವರು ಕಡಿಮೆ. ಬೆಳಗಿನಿಂದ ಸಂಜೆಯವರೆಗೆ ಕಾರಿನಲ್ಲೇ ಕೂತಿರಬೇಕಾದ ಕೆಲಸ. ಒಬ್ಬ ಶಿಷ್ಯ ಇಳಿದು ಇನ್ನೊಬ್ಬ ಹತ್ತುವ ನಡುವೆ ಮೂಲೆಯಂಗಡಿಯ ಕರಿದ ತಿಂಡಿಯ ಪೊಟ್ಟಣವೇ ಅವಳ ಊಟ. ಒಂದು ದಿನ ಸೀಟ್ ಬೆಲ್ಟು ಎಳೆದರೆ ಹೊಟ್ಟೆಯ ಹತ್ತಿರ ಬಂದು ನಿಂತುಬಿಟ್ಟಿತು. ಬೆಲ್ಟು ಕುಗ್ಗಿದೆ ಎಂದು ಮೆಕ್ಯಾನಿಕ್‌ಗೆ ತೋರಿಸಿದಳು. ಅವನು ಬೆಲ್ಟನ್ನು ನೋಡಿ, ಅವಳನ್ನು ನೋಡಿ, ಬೆಲ್ಟು ಸರಿಯಾಗಿದೆ ಮೇಡಂ ಎಂದಷ್ಟೇ ಹೇಳಿ ಇನ್ನೊಂದು ಕಾರಿನ ಕೆಳಗೆ ನುಸುಳಿಕೊಂಡ.

ಹಾಗಾಗಿ ಡಾಕ್ಟರ ಹತ್ತಿರ ಹೋದಳು. ಡಾಕ್ಟರೂ ಅವಳ ಹಳೆಯ ಶಿಷ್ಯರೇ. ಈಗ ತಲೆ ನರೆತಿದ್ದರೂ ಅವಳು ಒಳಗೆ ಬಂದರೆ ಕುರ್ಚಿಯಲ್ಲಿ ನೆಟ್ಟಗಾಗಿ, ಕೈಯನ್ನು ಅರಿವಿಲ್ಲದೆ ಗೇರಿನ ಕಡೆ ಚಾಚುತ್ತಿದ್ದರು.

"ಏನಪ್ಪಾ, ಏನು ಬಂದಿದೆ ಆ ರಿಪೋರ್ಟಲ್ಲಿ?"

"ಮೇಡಂ, ನನಗೆ ಕಲಿಸುವಾಗ ನೀವೊಂದು ಮಾತು ಹೇಳಿದ್ರಿ. ಎದುರಿಗೆ ಗೋಡೆ ಬಂದ್ರೆ ಹಾರ್ನ್ ಹೊಡೀಬೇಡ, ಗೋಡೆ ಪಕ್ಕಕ್ಕೆ ಸರಿಯಲ್ಲ ಅಂತ."

"ಹೇಳಿದ್ದೆ. ಆಮೇಲೂ ನೀನು ಹೊಡೀತಾನೇ ಇದ್ದೆ."

"ಈಗ ನಿಮ್ಮೆದುರಿಗೆ ಒಂದು ಗೋಡೆ ಇದೆ. ಸಕ್ಕರೆ, ಕೊಬ್ಬು, ರಕ್ತದೊತ್ತಡ, ಮೂರೂ ಸೇರ್ಕೊಂಡು ಕಟ್ಟಿರೋ ಗೋಡೆ." ಇಷ್ಟು ಹೇಳಿದ ಮೇಲೆ ಡಾಕ್ಟರಿಗೆ ಸ್ವಲ್ಪ ಧೈರ್ಯ ಬಂತು. "ಕರಿದದ್ದು ಬಿಡಿ. ಜಪಾನ್, ಕೊರಿಯಾ ಕಡೆಯ ಪೂರ್ವ ದೇಶದವರ ಥರ ತಿನ್ನಿ. ಹಬೇಲಿ ಬೆಂದ ಮೀನು, ಬಿಸಿ ಬಾಣಲೇಲಿ ಎರಡು ನಿಮಿಷ ಆಡಿಸಿದ ತರಕಾರಿ, ಸೋಯಾ ಹಾಲಿಂದ ಮಾಡೋ ತೋಫು, ಅಣಬೆ ಸೂಪು. ನಮ್ಮ ಮನೇಲಿ ಹೆಂಡ್ತಿ ಅದನ್ನೇ ಮಾಡೋದು."

"ನೀನು ತಿಂತೀಯಾ?"

ಡಾಕ್ಟರು ಕಿಟಕಿಯಾಚೆ ನೋಡಿದರು.

ಮನೆಯಲ್ಲಿ ಮೂವರು: ಬ್ರೇಕಮ್ಮ, ಅವಳ ಗಂಡ, ಅತ್ತೆ. ಗಂಡನದು ಕನ್ನಡಕದ ಅಂಗಡಿ. ಬಂದವರ ಮೂಗಿನ ಮೇಲೆ ಗಾಜು ಬದಲಿಸುತ್ತ "ಇದು ಚೆನ್ನಾಗಿದೆಯಾ, ಇದು ಚೆನ್ನಾಗಿದೆಯಾ" ಎಂದು ಕೇಳಿ ಕೇಳಿ, ಯಾವುದು ಚೆನ್ನಾಗಿದೆ ಎಂದು ತಾನು ಹೇಳುವ ಅಭ್ಯಾಸವೇ ಆ ಮನುಷ್ಯನಿಗೆ ತಪ್ಪಿಹೋಗಿತ್ತು. ಅತ್ತೆ ಎಂಬತ್ತು ದಾಟಿದವರು. ಅಂಚೆಯ ಪಾರ್ಸೆಲ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಬಾಯಲ್ಲಿರುವ ಹಲ್ಲುಗಳೆಲ್ಲ ಸ್ವಂತದವು, ಒಂದೂ ಹುಳುಕಿಲ್ಲ. ಆ ಹಲ್ಲಿಗೆ ದಿನಕ್ಕೊಮ್ಮೆಯಾದರೂ ಕರಕರ ಎನ್ನುವ ಪದಾರ್ಥ ಸಿಗಬೇಕು. ಇಲ್ಲದಿದ್ದರೆ ಮಾತೇ ಕರಕರ ಎನ್ನುತ್ತಿತ್ತು.

ಬ್ರೇಕಮ್ಮ ಅರ್ಧಂಬರ್ಧ ಕೆಲಸ ಮಾಡುವವಳಲ್ಲ. ಅದೇ ಸಂಜೆ ತೋಫು, ಸೋಯಾ ಸಾಸು, ಎಳ್ಳೆಣ್ಣೆ, ಅಣಬೆ ತಂದಳು. ಸೊಂಟದಷ್ಟು ಅಗಲದ ಒಂದು ಬಾಣಲೆಯನ್ನೂ ತಂದಳು. ಅದನ್ನು ಒಲೆಯ ಮೇಲಿಟ್ಟರೆ ಪಕ್ಕದ ಒಲೆಗೆ ಜಾಗವೇ ಇರಲಿಲ್ಲ. ಫೋನಿನಲ್ಲಿ ವಿಡಿಯೋ ಹಚ್ಚಿ ಸಕ್ಕರೆ ಡಬ್ಬಿಗೆ ಒರಗಿಸಿಟ್ಟಳು. ವಿಡಿಯೋದ ಹುಡುಗಿ ನಗುನಗುತ್ತ ತೋಫುವನ್ನು ಗಾಳಿಗೆ ಎಸೆದು ಬಾಣಲೆಯಲ್ಲಿ ಹಿಡಿದಳು. ಬ್ರೇಕಮ್ಮನೂ ಎಸೆದಳು. ಸ್ವಲ್ಪ ಬಾಣಲೆಗೆ ಬಿತ್ತು, ಸ್ವಲ್ಪ ಫೋನಿನ ಮೇಲೆ ಬಿತ್ತು. ಉಳಿದದ್ದು ಎಲ್ಲಿ ಹೋಯಿತೆಂದು ಆಗ ತಿಳಿಯಲಿಲ್ಲ. ವಾರದ ಮೇಲೆ ಅತ್ತೆ ಗಡಿಯಾರದ ಮೇಲಿನ ಧೂಳು ಒರೆಸುವಾಗ ತಿಳಿಯಿತು.

ಊಟಕ್ಕೆ ಕೂತಾಗ ತಟ್ಟೆಯಲ್ಲಿ ಬೂದು ಬಣ್ಣದ ಒಂದು ಮುದ್ದೆಯಂಥದ್ದು, ಅದರ ಸುತ್ತ ಎಲೆಕೋಸು ಬಿಟ್ಟುಕೊಟ್ಟ ನೀರು. ಅತ್ತೆ ಚಮಚದಿಂದ ಅದನ್ನು ಮೆಲ್ಲಗೆ ಒತ್ತಿ ನೋಡಿದರು.

"ಯಾರಿಗೆ ಹುಷಾರಿಲ್ಲ ಮನೇಲಿ?"

"ನನಗೇ ಅತ್ತೆ."

"ಮತ್ತೆ ಮೂರು ಜನಕ್ಕೂ ಯಾಕೆ ಔಷಧಿ?"

ಬ್ರೇಕಮ್ಮ ಗಂಡನ ಕಡೆ ತಿರುಗಿದಳು. "ನೀವು ಹೇಳ್ರೀ. ಹೇಗಿದೆ?"

ಗಂಡ ಬಾಯಲ್ಲಿದ್ದುದನ್ನು ಬಹಳ ಹೊತ್ತು ಆ ಕಡೆ ಈ ಕಡೆ ಹೊರಳಿಸಿ ನುಂಗಿದ. "ಪರವಾಗಿಲ್ಲ ಕಣೇ. ಹಿಂದಿನದಕ್ಕಿಂತ ಇದು ಸ್ವಲ್ಪ ಮಸುಕು, ಅಷ್ಟೆ."

ಮಾರನೆಯ ದಿನ ನೂಡಲ್ಸು ಮಾಡಿದಳು. ಅದು ಬಾಣಲೆಯ ಆಕಾರದಲ್ಲೇ ಒಂದೇ ತುಂಡಾಗಿ ಎದ್ದು ಬಂತು. ಅದರ ಮರುದಿನ ಹೊಗೆ ಎಷ್ಟಾಯಿತೆಂದರೆ ಮೇಲಿನ ಮಹಡಿಯವರು ನೀರಿನ ಬಕೆಟ್ಟು ಹಿಡಿದು ಬಾಗಿಲು ತಟ್ಟಿದರು. ಬಾಣಲೆಯೇ ಸರಿಯಿಲ್ಲ ಎಂದು ಬ್ರೇಕಮ್ಮ ಅಂಗಡಿಯವನನ್ನು ಬೈದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಎಂದು ಅತ್ತೆ ಗೋಡೆಗೆ ಹೇಳಿದರು.

ಆ ದಿನಗಳಲ್ಲಿ ಅವಳಿಗೊಬ್ಬ ಹೊಸ ಶಿಷ್ಯ ಸಿಕ್ಕಿದ್ದ. ಅರವತ್ತು ದಾಟಿದ, ಕುಳ್ಳಗಿನ, ಅಗಲ ಭುಜದ ಮನುಷ್ಯ. ಜೀವಮಾನವೆಲ್ಲ ಸರಕು ಹಡಗುಗಳಲ್ಲಿ ಅಡುಗೆ ಮಾಡಿ, ಈಗ ನಿವೃತ್ತನಾಗಿ ತಂಗಿಯ ಮನೆಯ ಮಹಡಿಯಲ್ಲಿ ಒಂದು ಕೋಣೆ ಹಿಡಿದಿದ್ದ. ಶಾಲೆಯಲ್ಲಿ ಎಲ್ಲರೂ ಅವನನ್ನು ಹಡಗಣ್ಣ ಎನ್ನುತ್ತಿದ್ದರು. ಬ್ರೇಕಮ್ಮನ ಅಷ್ಟು ವರ್ಷದ ಅನುಭವದಲ್ಲಿ ಅಂಥ ಶಿಷ್ಯ ಬಂದಿರಲಿಲ್ಲ. ಬೇರೆಯವರು ಹೆದರಿ ತಪ್ಪು ಮಾಡುತ್ತಿದ್ದರು. ಈತನಿಗೆ ಹೆದರಿಕೆಯೇ ಇಲ್ಲ. ಕ್ಲಚ್ಚು, ಗೇರು ಎಲ್ಲ ಸರಾಗ. ಆದರೆ ಕಾರು ಹೊರಟ ಕೂಡಲೇ ಕಣ್ಣು ರಸ್ತೆ ಬಿಟ್ಟು ಬೇರೆಲ್ಲೋ ಹೋಗುತ್ತಿತ್ತು.

"ಮೇಡಂ, ಆ ಬಾಲ್ಕನಿ ನೋಡಿ, ಎಷ್ಟು ಚಂದದ ಬಳ್ಳಿ ಹಬ್ಬಿಸಿದ್ದಾರೆ."

"ಹಡಗಣ್ಣ, ಎದುರಿಗೆ ಲಾರಿ."

"ಹೌದು, ಅದೂ ಚೆನ್ನಾಗಿದೆ. ನೀಲಿ ಬಣ್ಣ."

ಬ್ರೇಕಮ್ಮನ ಕಾಲಡಿಯ ಕಬ್ಬಿಣ ಇನ್ನಷ್ಟು ಸವೆಯಿತು.

ಒಂದು ಮಧ್ಯಾಹ್ನ ಪಾಠದ ನಡುವೆ ಅವಳು ಕಾರನ್ನು ಮರದ ನೆರಳಿಗೆ ನಿಲ್ಲಿಸಲು ಹೇಳಿ, ಡಬ್ಬಿ ಬಿಚ್ಚಿದಳು. ಹಡಗಣ್ಣ ಮೊದಲ ಬಾರಿಗೆ ಕಿಟಕಿಯಿಂದ ಕಣ್ಣು ಕಿತ್ತು ಡಬ್ಬಿಯನ್ನು ನೋಡಿದ. ಮುಖ ಗಂಭೀರವಾಯಿತು.

"ಮೇಡಂ, ಇದೇನು?"

"ನೂಡಲ್ಸು. ತರಕಾರಿ ಹಾಕಿದ್ದು."

"ಯಾರು ಕೊಂದದ್ದು?"

ಬೇರೆ ಶಿಷ್ಯ ಈ ಮಾತು ಆಡಿದ್ದರೆ ಅಲ್ಲೇ ಇಳಿಸಿ ಹೋಗುತ್ತಿದ್ದಳು. ಆದರೆ ಈತ ಅಣಕಿಸುತ್ತಿರಲಿಲ್ಲ. ದಾರಿಯಲ್ಲಿ ಬಿದ್ದ ಗಾಯಾಳುವನ್ನು ನೋಡುವ ಹಾಗೆ ನೋಡುತ್ತಿದ್ದ. ಅವಳು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಹಡಗಣ್ಣ ಒಂದು ಎಳೆ ಎತ್ತಿ ಬಾಯಿಗಿಟ್ಟು, ಕಣ್ಣು ಮುಚ್ಚಿದ.

"ಈ ನೂಡಲ್ಸು ಬೆಂದ ಮೇಲೆ ತಣ್ಣೀರಲ್ಲಿ ತೊಳೆದಿಲ್ಲ. ಬಾಣಲೆ ಕಾಯೋ ಮುಂಚೆ ಹಾಕಿದ್ದೀರಿ. ಎಲ್ಲ ತರಕಾರೀನೂ ಒಟ್ಟಿಗೆ ಸುರಿದಿದ್ದೀರಿ. ಹೆದರಿಕೇಲಿ ನೀರೂ ಹಾಕಿದ್ದೀರಿ."

"ಹೆದರಿಕೆ ನನಗಾ?"

"ಹತ್ತಿಕೊಳ್ಳುತ್ತೆ ಅಂತ ಹೆದರದೆ ಯಾರೂ ಇಷ್ಟು ನೀರು ಹಾಕಲ್ಲ ಮೇಡಂ." ಆಮೇಲೆ ಮೆಲ್ಲಗೆ ಕೇಳಿದ, "ಭಾನುವಾರ ಬೆಳಗ್ಗೆ ಮನೇಲಿ ಇರ್ತೀರಾ?"

ಭಾನುವಾರ ಹಡಗಣ್ಣ ತನ್ನದೇ ಚಾಕು ಬಟ್ಟೆಯಲ್ಲಿ ಸುತ್ತಿಕೊಂಡು ಬಂದ. ಅಡುಗೆಮನೆಗೆ ಕಾಲಿಟ್ಟ ಮೇಲೆ ಅವನು ಬೇರೆಯೇ ಮನುಷ್ಯ. ಕಣ್ಣು ಅತ್ತಿತ್ತ ಹೋಗಲಿಲ್ಲ, ಮಾತೂ ಹೆಚ್ಚಿಲ್ಲ. ಮೊದಲು ಎಲ್ಲ ಕೊಚ್ಚಿ, ಬೇರೆ ಬೇರೆ ಬಟ್ಟಲಿಗೆ ಹಾಕಿ ಸಾಲಾಗಿ ಇಡಿಸಿದ. ಶುಂಠಿ, ಬೆಳ್ಳುಳ್ಳಿ, ಕ್ಯಾರೆಟ್ಟು, ಹುರುಳಿಕಾಯಿ, ಅಣಬೆ, ಕೊನೆಗೆ ಸೊಪ್ಪು. ತೋಫುವನ್ನು ಬಟ್ಟೆಯಲ್ಲಿ ಕಟ್ಟಿ ಮೇಲೊಂದು ದಪ್ಪ ಮಣೆ ಹೇರಿದ. ನೀರಿಳಿದ ಮೇಲೆ ಅದು ಪನೀರಿನಷ್ಟು ಗಟ್ಟಿಯಾಯಿತು. ಅಷ್ಟು ದಿನ ತಾನು ಹಿಂಡದೆ ಬೇಯಿಸುತ್ತಿದ್ದುದು ಬರೀ ನೀರನ್ನು ಎಂದು ಬ್ರೇಕಮ್ಮನಿಗೆ ಆಗ ಅರ್ಥವಾಯಿತು.

"ಈಗ ಬಾಣಲೆ ಕಾಯಲಿ. ಇನ್ನೂ. ಇನ್ನೂ. ಒಂದು ಹನಿ ನೀರು ಹಾಕಿ. ಕುಣೀತಾ? ಈಗ ಎಣ್ಣೆ. ಒಂದು ಚಮಚ ಅಂದ್ರೆ ಒಂದೇ ಚಮಚ."

ಬೆಳ್ಳುಳ್ಳಿ ಬಿದ್ದು ಚೊರ್ರ್ ಎಂದದ್ದೇ ತಡ, ಬ್ರೇಕಮ್ಮನ ಬಲಗಾಲು ನೆಲವನ್ನು ಜೋರಾಗಿ ಒತ್ತಿತು. ಕ್ಯಾರೆಟ್ಟು ಬಿದ್ದಾಗ ಮತ್ತೊಮ್ಮೆ ಒತ್ತಿತು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದ ಅತ್ತೆಗೆ ಮೊದಲು ಸೊಸೆಯ ಕಾಲಿಗೆ ಏನೋ ಕಚ್ಚಿದೆ ಎನ್ನಿಸಿತು. ಆಮೇಲೆ ಗೊತ್ತಾಗಿ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿ ಮಂಚದ ಮೇಲೆ ಕೂತು ಸಾಕಾಗುವಷ್ಟು ನಕ್ಕು ಬಂದರು.

"ಉರಿ ಕಡಿಮೆ ಮಾಡಬೇಡಿ ಮೇಡಂ."

"ಹತ್ತಿಕೊಳ್ಳುತ್ತೆ ಹಡಗಣ್ಣ."

"ನೀವು ಕೈ ನಿಲ್ಲಿಸಿದ್ರೆ ಹತ್ತಿಕೊಳ್ಳುತ್ತೆ. ಆಡಿಸ್ತಾ ಇರಿ. ಬಾಣಲೆ ತುಂಬಿಸಬೇಡಿ, ಬಸ್ಸಲ್ಲ ಅದು. ಸ್ವಲ್ಪ ಸ್ವಲ್ಪ ಹಾಕಿ." ಅವಳ ಕೈ ತಡೆದಾಗಲೆಲ್ಲ ಅವನ ದನಿ ಏರುತ್ತಿತ್ತು. "ಅಲ್ಲೇನು ನೋಡ್ತೀರಿ, ಇಲ್ಲಿ ನೋಡಿ."

ಬ್ರೇಕಮ್ಮನಿಗೆ ತನ್ನನ್ನು ಯಾರಾದರೂ ಹೀಗೆ ಗದರಿ ಎಷ್ಟು ವರ್ಷವಾಗಿತ್ತೋ ನೆನಪಿರಲಿಲ್ಲ. ಕೋಪ ಬರಬೇಕಿತ್ತು, ಬರಲಿಲ್ಲ. ಕಿವಿ ಬಿಸಿಯಾಯಿತು, ಆದರೂ ಹೇಳಿದಂತೆ ಮಾಡಿದಳು. ಬೆಳಗಿನಿಂದ ಸಂಜೆಯವರೆಗೆ ತನ್ನ ಪಕ್ಕದಲ್ಲಿ ಕೂರುವವರಿಗೆ ಹೇಗಾಗುತ್ತಿರಬಹುದು ಎಂಬ ಯೋಚನೆ ಒಂದು ಕ್ಷಣ ಬಂತು. ಅಷ್ಟರಲ್ಲಿ ಅಣಬೆ ಹಾಕುವ ಸಮಯವಾಯಿತು.

ಆ ದಿನದ ತಟ್ಟೆಯಲ್ಲಿ ಹುರುಳಿಕಾಯಿ ಹಸಿರಾಗಿಯೇ ಇತ್ತು. ತೋಫುವಿನ ಅಂಚು ಕಂದು ಬಣ್ಣಕ್ಕೆ ತಿರುಗಿತ್ತು. ಬ್ರೇಕಮ್ಮ ಎರಡನೇ ಸಲ ಬಡಿಸಿಕೊಂಡಳು. ಗಂಡ "ಇದು ಸ್ಪಷ್ಟವಾಗಿದೆ" ಎಂದ. ಅತ್ತೆ ಮಾತ್ರ ತಿಂದು ಏನೂ ಹೇಳದೆ ಎದ್ದು ಕೈ ತೊಳೆದರು. ಅವರು ಏನೂ ಹೇಳದಿರುವುದೇ ದೊಡ್ಡ ಸುದ್ದಿ ಎಂದುಕೊಂಡು ಬ್ರೇಕಮ್ಮ ಹಿಗ್ಗಿದಳು.

ಭಾನುವಾರಗಳು ಹಾಗೇ ನಡೆದವು. ಶುಂಠಿ ಎಳೆ ಹೊದ್ದು ಹಬೆಯಲ್ಲಿ ಬೆಂದ ಮೀನು, ಕಾಳಿನ ಮೊಳಕೆ ಹಾಕಿದ ಸೂಪು, ಮೊಟ್ಟೆ ಒಡೆದು ಎಳೆಎಳೆಯಾಗಿ ಬಿಟ್ಟ ಸಾರು. ಬ್ರೇಕಮ್ಮನ ಸೀಟ್ ಬೆಲ್ಟು ಸಡಿಲವಾಗತೊಡಗಿತು. ವಿಚಿತ್ರವೆಂದರೆ, ಅದೇ ಊಟ ಉಣ್ಣುತ್ತಿದ್ದ ಗಂಡನ ಕೆನ್ನೆ ದಿನದಿಂದ ದಿನಕ್ಕೆ ತುಂಬಿಕೊಳ್ಳುತ್ತಿತ್ತು. ಅತ್ತೆಯ ಮುಖದಲ್ಲಂತೂ ಬೆಣ್ಣೆ ತಿಂದ ಬೆಕ್ಕಿನ ಕಳೆ. ಪೂರ್ವ ದೇಶದ ಊಟ ಅವರವರ ಮೈಗೆ ತಕ್ಕಂತೆ ಒಗ್ಗುತ್ತದೇನೋ ಎಂದು ಅವಳು ಅಂದುಕೊಂಡಳು.

ಅತ್ತೆಯ ಕನ್ನಡಕ ಮಾತ್ರ ಆ ತಿಂಗಳುಗಳಲ್ಲಿ ಪದೇ ಪದೇ ಕೆಡುತ್ತಿತ್ತು. ದಿನ ಬಿಟ್ಟು ದಿನ ಗಂಡ ಅಂಗಡಿಯಿಂದ ಬರುವಾಗ ಕನ್ನಡಕದ ಉದ್ದನೆಯ ಡಬ್ಬಿ ಹಿಡಿದು ಬರುತ್ತಿದ್ದ. ಒಂದೊಂದು ಸಲ ಎರಡು ಡಬ್ಬಿ.

"ಅಮ್ಮಂದು. ಕಡ್ಡಿ ಸಡಿಲ ಆಗಿತ್ತು," ಎನ್ನುತ್ತ ನೇರ ತಾಯಿಯ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದ. ಮಗ ತಾಯಿಯ ಕಣ್ಣಿನ ಬಗ್ಗೆ ಇಷ್ಟು ಕಾಳಜಿ ವಹಿಸುವುದನ್ನು ನೋಡಿ ಬ್ರೇಕಮ್ಮನಿಗೆ ಸಂತೋಷವೇ ಆಗಿತ್ತು.

ಒಂದು ಸಂಜೆ ಅತ್ತೆ ಸ್ನಾನಕ್ಕೆ ಹೋಗಿದ್ದಾಗ ಒಗೆದ ಬಟ್ಟೆ ಇಡಲು ಅವರ ಕೋಣೆಗೆ ಹೋದಳು. ದಿಂಬಿನ ಪಕ್ಕ ಡಬ್ಬಿ ಇತ್ತು. ಎತ್ತಿ ಮೇಜಿನ ಮೇಲಿಡೋಣವೆಂದು ಹಿಡಿದರೆ ಬಿಸಿಯಾಗಿತ್ತು. ಕನ್ನಡಕಕ್ಕೆ ಜ್ವರವೇ ಎಂದು ಮುಚ್ಚಳ ತೆಗೆದಳು. ಒಳಗೆ, ಮಖಮಲ್ಲಿನ ಹಾಸಿನ ಮೇಲೆ, ಕರಿದ ಆಲೂಗಡ್ಡೆ ಕಡ್ಡಿಗಳು ಒತ್ತಾಗಿ ಮಲಗಿದ್ದವು. ಮೇಲೆ ಉಪ್ಪು, ಖಾರದಪುಡಿ. ಕನ್ನಡಕ ಒರೆಸುವ ಹಳದಿ ಬಟ್ಟೆ ಎಣ್ಣೆ ಹೀರಿ ಗಾಜಿನಂತೆ ಪಾರದರ್ಶಕವಾಗಿತ್ತು.

ಗಂಡ ಬಾಗಿಲಲ್ಲಿ ನಿಂತಿದ್ದ, ಇಂಗು ತಿಂದ ಮಂಗನ ಹಾಗೆ.

"ಯಾವಾಗಿನಿಂದ?"

"ಆ ಬೂದು ತೋಫು ಮಾಡಿದ್ಯಲ್ಲ. ಅದರ ಮಾರನೇ ದಿನದಿಂದ."

"ಈಗ ಚೆನ್ನಾಗಿ ಮಾಡ್ತೀನಲ್ಲ. ಸ್ಪಷ್ಟವಾಗಿದೆ ಅಂದ್ರಿ."

"ಸ್ಪಷ್ಟವಾಗೇ ಇದೆ ಕಣೇ. ಸುಳ್ಳು ಹೇಳಲಿಲ್ಲ ನಾನು. ಆದ್ರೆ ಅಮ್ಮ..."

ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು ಅತ್ತೆ ಬಂದರು. ನಡೆದದ್ದೆಲ್ಲ ಒಂದೇ ನೋಟಕ್ಕೆ ತಿಳಿಯಿತು. ಅವರು ನಾಚಿಕೊಳ್ಳುವ ಪೈಕಿ ಅಲ್ಲ.

"ಅವನನ್ನ ಬೈಬೇಡ. ನಾನೇ ತರಿಸಿದ್ದು. ನಿನ್ನ ಊಟ ರುಚಿಯಾಗಿದೆಯಮ್ಮ, ಇಲ್ಲ ಅನ್ನಲ್ಲ. ಆದರೆ ಎಲ್ಲ ಮೆತ್ತಗೆ. ಎಂಬತ್ತು ವರ್ಷ ಈ ಹಲ್ಲು ಕಾಪಾಡಿಕೊಂಡಿದ್ದು ಹಬೇಲಿ ಬೆಂದ ಮೀನು ತಿನ್ನೋಕಾ? ಅದಕ್ಕೆ ಒಸಡು ಸಾಕು."

ಬ್ರೇಕಮ್ಮ ಡಬ್ಬಿಯ ಮುಚ್ಚಳ ಹಾಕಿಟ್ಟು ಅಡುಗೆಮನೆಗೆ ಹೋದಳು. ಮೋಸ ಹೋದೆನೆಂಬ ಸಿಟ್ಟಿಗಿಂತ, ಬೆಳಗಿನ ಜಾವ ಎದ್ದು ಕೊಚ್ಚಿದ ಅಷ್ಟೂ ಶುಂಠಿ ನೆನಪಾಗಿ ಬೇಜಾರಾಯಿತು.

ಮರುದಿನ ಪಾಠದಲ್ಲಿ ಹಡಗಣ್ಣನಿಗೆ ಎಲ್ಲವನ್ನೂ ಹೇಳಿದಳು. ಅವನು ನಗುತ್ತಾನೆ ಎಂದುಕೊಂಡಿದ್ದಳು. ಅವನು ಕಾರನ್ನು ತಾನಾಗಿಯೇ ರಸ್ತೆ ಬದಿಗೆ ತಂದು ನಿಲ್ಲಿಸಿದ. ಅದು ಅವನು ಮಾಡಿದ ಮೊದಲ ಸರಿಯಾದ ನಿಲುಗಡೆ.

"ಹಡಗಲ್ಲಿ ಊಟ ಹಿಡಿಸದಿದ್ರೆ ಯಾರೂ ಬಾಯಿ ಬಿಟ್ಟು ಹೇಳಲ್ಲ ಮೇಡಂ. ಬಂದರು ಬಂತು ಅಂದ ತಕ್ಷಣ ಎಲ್ಲ ಇಳಿದು ಓಡ್ತಾರೆ, ಅಷ್ಟೆ. ನಿಮ್ಮ ಅತ್ತೆ ಕೊನೆಗಾದ್ರೂ ಬಾಯಿ ಬಿಟ್ಟು ಹೇಳಿದ್ರಲ್ಲ, ಅದೇ ಒಳ್ಳೇದು ಅಂದ್ಕೊಳ್ಳಿ. ನನ್ನದೂ ತಪ್ಪಿದೆ. ಅವರ ಹಲ್ಲು ನಾನು ನೋಡೇ ಇಲ್ಲ. ಈ ಭಾನುವಾರ ನೋಡ್ತೀನಿ."

ಆಗ ಅವಳು ಬಹಳ ದಿನದಿಂದ ಕೇಳಬೇಕೆಂದಿದ್ದುದನ್ನು ಕೇಳಿದಳು.

"ಅಡುಗೆಮನೇಲಿ ನಿಮ್ಮ ಕಣ್ಣು ಬಾಣಲೆ ಬಿಟ್ಟು ಅಲ್ಲಾಡಲ್ಲ. ಇಲ್ಲಿ ಯಾಕೆ ಹಡಗಣ್ಣ ರಸ್ತೆ ನೋಡಲ್ಲ ನೀವು?"

"ಅಡುಗೆಮನೆ ಹಡಗಿನ ಹೊಟ್ಟೆಯೊಳಗೆ ಇರೋದು ಮೇಡಂ. ಕಿಟಕಿ ಇಲ್ಲ. ಮೂವತ್ತು ವರ್ಷ ಸಮುದ್ರದ ಮೇಲಿದ್ದೆ, ಸಮುದ್ರ ನೋಡಿದ್ದು ಕಡಿಮೆ. ಜಪಾನ್ ಬಂತು ಅಂದ್ರು, ನಾನು ಈರುಳ್ಳಿ ಹೆಚ್ತಾ ಇದ್ದೆ. ಕೊರಿಯಾ ಬಂತು ಅಂದ್ರು, ಪಾತ್ರೆ. ಎಲ್ಲೆಲ್ಲೋ ಹೋದೆ, ಯಾರೋ ಕರ್ಕೊಂಡು ಹೋದ್ರು. ಒಂದು ಸಲ ಚುಕ್ಕಾಣಿ ನನ್ನ ಕೈಲಿರಬೇಕು, ಎದುರಿಗೆ ಗಾಜು ಇರಬೇಕು ಅಂತ ಆಸೆ. ಈಗ ಗಾಜು ಸಿಕ್ಕಿದೆ, ನೋಡದೆ ಹೇಗಿರಲಿ?"

ಬ್ರೇಕಮ್ಮ ಇಳಿದು ಆ ಕಡೆ ಬಂದು, ಅವನನ್ನು ಪಕ್ಕದ ಸೀಟಿಗೆ ಕಳಿಸಿ, ತಾನೇ ಚಕ್ರ ಹಿಡಿದಳು. ಆ ದಿನದ ಉಳಿದ ಶಿಷ್ಯರಿಗೆಲ್ಲ ಫೋನು ಮಾಡಿ, ನಾಳೆ ಬನ್ನಿ ಎಂದಳು. ಊರಿನ ಎಲ್ಲ ರಸ್ತೆಗಳಲ್ಲೂ ಸುತ್ತಿಸಿದಳು. ಸೇತುವೆ, ಗುಡ್ಡದ ತಿರುವು, ನರ್ಸರಿ ಸಾಲು, ಹಳೆ ಗಿರಣಿ, ರೈಲು ಗೇಟು. ಎಲ್ಲಿ ಅವನು "ನಿಧಾನ" ಎಂದನೋ ಅಲ್ಲಿ ನಿಧಾನ ಮಾಡಿದಳು. ಬಳ್ಳಿಯ ಬಾಲ್ಕನಿಯ ಮುಂದೆ ನಿಲ್ಲಿಸಿಯೇಬಿಟ್ಟಳು. ಅವನು ನೋಡಿದ, ನೋಡಿದ. ಸಂಜೆಗೆ ಅವನ ಕಣ್ಣೇ ದಣಿದುಹೋಯಿತು.

"ಆಯ್ತಾ?" ಎಂದಳು.

"ಈ ಊರು ಆಯ್ತು," ಎಂದ.

ಮರುದಿನದಿಂದ ಅವನ ದೃಷ್ಟಿ ರಸ್ತೆಯ ಮೇಲೆ ನಿಂತಿತು. ಪೂರ್ತಿ ಅಲ್ಲ. ಹೊಸ ಬಣ್ಣದ ಲಾರಿ ಬಂದರೆ ಈಗಲೂ ಕತ್ತು ಸ್ವಲ್ಪ ಹೊರಳುತ್ತಿತ್ತು.

ಭಾನುವಾರ ಹಡಗಣ್ಣ ಬಂದವನೇ ಅತ್ತೆಯ ಕುರ್ಚಿಯ ಮುಂದೆ ಕೂತು, "ಅಮ್ಮ, ಹಲ್ಲು ತೋರಿಸಿ," ಎಂದ. ಅತ್ತೆ ಹೆಮ್ಮೆಯಿಂದ ತೋರಿಸಿದರು. ಅವನು ತಲೆದೂಗಿ ಚೀಲ ಬಿಚ್ಚಿದ. ಹುರಿದ ನೆಲಗಡಲೆ, ಎಳ್ಳು, ಹಸಿ ಎಲೆಕೋಸು, ಸೌತೆಕಾಯಿ, ಮೂಲಂಗಿ, ಗಾಜಿನ ಹಾಗೆ ತೆಳುವಾದ ಅಕ್ಕಿಯ ಹಾಳೆಗಳು. ಹಾಳೆಯನ್ನು ನೀರಿನಲ್ಲಿ ಅದ್ದಿ ಹರಡಿ, ಒಳಗೆ ತರಕಾರಿ ಎಳೆ, ಪುದೀನ, ಜಜ್ಜಿದ ನೆಲಗಡಲೆ ಇಟ್ಟು ಸುರುಳಿ ಸುತ್ತಬೇಕು. ಒಲೆಯೇ ಬೇಡ. ಬ್ರೇಕಮ್ಮ ಸುತ್ತಿದ್ದು ಸಡಿಲವಾಗಿ ಎರಡೂ ಕಡೆಯಿಂದ ಸುರಿದುಹೋಯಿತು. ಗಂಡನದು ನಡುವೆ ಹರಿಯಿತು. ಅತ್ತೆ ಬಾಗಿಲಿನಿಂದ ನೋಡಿ ನೋಡಿ ತಾಳಲಾರದೆ ಎದ್ದು ಬಂದರು.

"ಸರೀರಿ ಅತ್ಲಾಗೆ. ಪಾರ್ಸೆಲ್ ಹೀಗೆ ಕಟ್ಟಿದ್ರೆ ಮುಂದಿನ ಊರೂ ಮುಟ್ಟಲ್ಲ."

ಅಂಚು ಮಡಚಿ, ಪಕ್ಕ ಒಳಗೆ ತಳ್ಳಿ, ಬಿಗಿಯಾಗಿ ಉರುಳಿಸಿದರು. ಒಂದರ ಹಿಂದೆ ಒಂದು, ಅಳತೆ ಹಿಡಿದಂತೆ, ತಟ್ಟೆ ತುಂಬ ಸಾಲುಗಟ್ಟಿ ಕೂತವು. ಹಡಗಣ್ಣ ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತ. ಅತ್ತೆ ಮೊದಲನೆಯದನ್ನು ತಾವೇ ಕಚ್ಚಿದರು. ಎಲೆಕೋಸು, ನೆಲಗಡಲೆ, ಮೂಲಂಗಿ ಒಟ್ಟಿಗೆ ಕರಕರ ಎಂದ ಸದ್ದು ಪಕ್ಕದ ಕೋಣೆಗೂ ಕೇಳಿಸಿತು.

"ಇದನ್ನ ಮೊದಲೇ ಮಾಡಬಾರದಿತ್ತೇನಮ್ಮ," ಎಂದರು ಸೊಸೆಗೆ.

ಅಲ್ಲಿಗೆ ಕನ್ನಡಕದ ರಿಪೇರಿ ನಿಂತಿತು ಎಂದರೆ ಸುಳ್ಳಾಗುತ್ತದೆ. ಒಪ್ಪಂದವಾಯಿತು. ಶನಿವಾರ ಸಂಜೆ ಒಂದು ಪೊಟ್ಟಣ, ಎಲ್ಲರೆದುರಿಗೆ, ತಟ್ಟೆಯಲ್ಲಿ. ಬ್ರೇಕಮ್ಮನಿಗೂ ಅದರಲ್ಲಿ ನಾಲ್ಕು ಕಡ್ಡಿ. ಡಾಕ್ಟರು ಮುಂದಿನ ರಿಪೋರ್ಟು ನೋಡಿ, ಗೋಡೆ ಬಿದ್ದಿಲ್ಲ ಆದರೆ ಒಂದಷ್ಟು ಇಟ್ಟಿಗೆ ಉದುರಿದೆ ಎಂದರು. ನಾಲ್ಕು ಕಡ್ಡಿಯ ವಿಷಯ ಅವರಿಗೆ ಯಾರೂ ಹೇಳಲಿಲ್ಲ. ಅಕ್ಕಿ ಹಾಳೆಯ ಸುರುಳಿ ಮಾಡುವುದು ಹೇಗೆಂದು ಅವರೇ ಗುಟ್ಟಾಗಿ ಕೇಳಿ ಬರೆದುಕೊಂಡರು.

ಹಡಗಣ್ಣ ಮೊದಲ ಪರೀಕ್ಷೆಯಲ್ಲಿ ನಪಾಸಾದ. ಪರೀಕ್ಷಕರು "ಎಡಕ್ಕೆ ತಿರುಗಿ" ಎಂದಾಗ ಬಲಕ್ಕೆ ಒಳ್ಳೆಯ ನೋಟವಿತ್ತಂತೆ. ಎರಡನೆಯದರಲ್ಲಿ ಪಾಸಾದ. ಹಳೆಯ ಹಸಿರು ಕಾರೊಂದನ್ನು ಕೊಂಡು, ಮೊದಲ ಭಾನುವಾರವೇ ಬ್ರೇಕಮ್ಮನ ಮನೆ ಮುಂದೆ ತಂದು ನಿಲ್ಲಿಸಿ, ಎಲ್ಲರೂ ಹತ್ತಿ, ಹೊಳೆಯಾಚೆಯ ತರಕಾರಿ ಸಂತೆಗೆ ಹೋಗೋಣ ಎಂದ.

ಅತ್ತೆ ಮುಂದಿನ ಸೀಟು ಹಿಡಿದರು. ಬ್ರೇಕಮ್ಮ ಹಿಂದೆ, ಗಂಡನ ಪಕ್ಕ ಕೂತಳು. ಮೊದಲ ತಿರುವಿನವರೆಗೆ ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಮುಂದೆ ಅತ್ತೆ ಗಟ್ಟಿ ದನಿಯಲ್ಲಿ, "ಎದುರಿಗೆ ಸೈಕಲ್ಲು. ನಿಧಾನ. ಆ ಮರ ಆಮೇಲೆ ನೋಡುವಿಯಂತೆ," ಎಂದು ಹೇಳುತ್ತಿದ್ದರು. ಹಡಗಣ್ಣ "ಸರಿ ಅಮ್ಮ, ಸರಿ ಅಮ್ಮ" ಎನ್ನುತ್ತಿದ್ದ. ಕೆಲಸ ಇನ್ನೊಬ್ಬರು ವಹಿಸಿಕೊಂಡಿದ್ದಾರೆ ಎಂದು ಗೊತ್ತಾದ ಮೇಲೆ ಅವಳ ಕೈ ಸಡಿಲವಾಯಿತು. ಬೇರೆಯವರು ಓಡಿಸುವ ಕಾರಿನಲ್ಲಿ ಅವಳು ಕಣ್ಣು ಮುಚ್ಚಿದ್ದೇ ಇರಲಿಲ್ಲ. ಆ ದಿನ ಸೇತುವೆ ದಾಟುವ ಮೊದಲೇ ಗಂಡನ ಭುಜಕ್ಕೆ ಒರಗಿ ನಿದ್ದೆಹೋದಳು.

ಸಂತೆಯಲ್ಲಿ ಯಾರೂ ಎಬ್ಬಿಸಲಿಲ್ಲ. ಮನೆಗೆ ವಾಪಸು ಬಂದ ಮೇಲೂ ಎಬ್ಬಿಸಲಿಲ್ಲ. ಕಿಟಕಿ ಗಾಜು ಇಳಿಸಿ, ನೆರಳಿನಲ್ಲಿ ಕಾರು ನಿಲ್ಲಿಸಿ, ಮೂವರೂ ಚೀಲಗಳನ್ನು ಹೊತ್ತು ಮಹಡಿ ಹತ್ತಿದರು. ಅವಳಿಗೆ ಎಚ್ಚರವಾದಾಗ ಬಿಸಿಲು ಏರಿತ್ತು, ಹೊಟ್ಟೆ ತಾಳ ಹಾಕುತ್ತಿತ್ತು. ಮೆಟ್ಟಿಲು ಹತ್ತಿ ಹೋದರೆ ಊಟ ಅರ್ಧ ಮುಗಿದಿತ್ತು.

"ನನ್ನನ್ನ ಬಿಟ್ಟು ಕೂತಿರಾ?"

"ಕೈಕಾಲು ತೊಳಕೊಂಡು ಬಾ," ಎಂದರು ಅತ್ತೆ, ಬಾಯಲ್ಲಿ ಮೂಲಂಗಿ ಕಡಿಯುತ್ತಲೇ. "ನಿನ್ನ ಪಾಲಿನ ಮೀನು ಹಬೇಲೇ ಇದೆ."